11 ಸಾವಿರದ ಮಾನಿಟರಾ, 38 ಸಾವಿರದ್ದಾ?

ಅಂಬಲಪಾಡಿ ಗೇಮರ್:
ಮೊನ್ನೆಯ ಸಿಡಿಲಿಗೆ ನನ್ನ ಹಳೇ 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಮಾನಿಟರ್ ಢಮಾರ್. ಉಡುಪಿಯ ಅಂಗಡಿಯಲ್ಲಿ ಎರಡು ತೋರಿಸಿದರು. 11 ಸಾವಿರಕ್ಕೆ 1080ಪಿ (ಪರದೆಯಲ್ಲಿ 1080 ಸಾಲು ಚುಕ್ಕಿ), 144 ಹರ್ಟ್ಜ್. 38 ಸಾವಿರಕ್ಕೆ 1440ಪಿ, 240 ಹರ್ಟ್ಜ್. ದುಬಾರಿಯದ್ದು ನೋಡಿ ಬಂದ ಮೇಲೆ ನಿದ್ದೆಯೇ ಇಲ್ಲ! ನನ್ನ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1650. ದಿನಾ ರಾತ್ರಿ ವ್ಯಾಲೊರೆಂಟ್ ಶೂಟಿಂಗ್ ಗೇಮ್. ಅಮ್ಮ ಮಾತ್ರ "ಟಿವಿ ಉಂಟಲ್ಲ, ಅದಕ್ಕೇ ಸಿಕ್ಕಿಸು" ಅಂತಾರೆ.

ಕದ್ರಿ ಕೀಬೋರ್ಡ್:
ಸುಮ್ನೆ 11ರದ್ದು ತಗೋ ಮಾರಾಯ. 1440ಪಿಯಲ್ಲಿ ಪಿಕ್ಸೆಲ್ (ಪರದೆಯ ಚುಕ್ಕಿ) ಸುಮಾರು 1.8 ಪಟ್ಟು ಜಾಸ್ತಿ, ನಿನ್ನ ಕಾರ್ಡ್ ಏದುಸಿರು ಬಿಡುತ್ತದೆ. 60ರಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತ ಕಣ್ಣಿಗೆ ರಾಚುತ್ತದೆ. ಎರಡನೆಯದನ್ನು ಹುಡುಕಬೇಕು.

ಮಲ್ಪೆ ಮೀನು:
ಪ್ಯಾನೆಲ್ (ಪರದೆಯ ಬಗೆ) ಯಾವುದು ಅಂತ ಕೇಳಿದ್ರಾ? ನನ್ನದು ಅಗ್ಗದ ವಿಎ ಪ್ಯಾನೆಲ್. ಕತ್ತಲೆ ಸೀನಲ್ಲಿ ಮೌಸ್ ತಿರುಗಿಸಿದರೆ ಕಪ್ಪು ನೆರಳು ಬಾಲದ ಹಾಗೆ ಎಳೆಯುತ್ತದೆ. ಐಪಿಎಸ್ ಪ್ಯಾನೆಲ್ ಇದ್ದರೆ ಅದನ್ನೇ ನೋಡಿ. ಉಳಿದ ದುಡ್ಡಲ್ಲಿ ಯುಪಿಎಸ್ ತಗೊಳ್ಳಿ. ಸಿಡಿಲು ಬಂದಾಗ ಪ್ಲಗ್ಗೂ ಕಿತ್ತಿಡಿ, ಯುಪಿಎಸ್ ನಂಬಿ ಕೂರಬೇಡಿ.

ಅಂಬಲಪಾಡಿ ಗೇಮರ್:
11ರದ್ದೇ ತಂದೆ, ಐಪಿಎಸ್. ಆದರೆ ಏನೂ ವ್ಯತ್ಯಾಸ ಕಾಣ್ತಾ ಇಲ್ವಲ್ಲ?

ಕದ್ರಿ ಕೀಬೋರ್ಡ್:
ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಇನ್ನೂ 60 ಇರಬೇಕು. 144 ಮಾಡು.

ಅಂಬಲಪಾಡಿ ಗೇಮರ್:
ಅಯ್ಯೋ ದೇವರೇ. ಹೌದು.