ಹೊಳೆಬದಿಗೆ ಮತ್ತೆ ಮಣ್ಣು ಬಿದ್ದಿದೆ: ದೂರು, ಅಳತೆ, ಕೆಲಸ ಹಂಚಿಕೆ

ಅಡ್ಮಿನ್: ಎಲ್ಲರ ಗಮನಕ್ಕೆ. ಹೊಳೆಬದಿ ರಸ್ತೆಯ ತುದಿಯಲ್ಲಿ, ಕಾಂಡ್ಲಾ (ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಸಾಲಿಗೆ ತಾಗಿ, ಒಡೆದ ಮನೆಯ ಕಲ್ಲುಮಣ್ಣು ಮತ್ತೆ ಬಿದ್ದಿದೆ. ಈ ಸಲ ರಾಶಿ ರಸ್ತೆಯಡಿಯ ಮೋರಿಯ ಬಾಯಿ ತನಕ ಬಂದಿದೆ. ಮೋರಿ ಮುಚ್ಚಿಹೋದರೆ ನಮ್ಮ ಕುಂದಾಪುರದ ಪಂಚಗಂಗಾವಳಿ ಹೊಳೆಯ ನೀರು ಒಳಗಿನ ಹಿನ್ನೀರಿಗೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ವಿಷಯ ಗೊತ್ತಿದ್ದವರು ಎಂತ ಮಾಡಬೇಕು ಅಂತ ಬರೆಯಿರಿ. ಶುಭೋದಯದ ಚಿತ್ರಗಳು ಇಲ್ಲಿ ಬೇಡ, ಅದಕ್ಕೆ ಬೇರೆ ಗುಂಪು ಇದೆ.

ಮನೆ 4: ಒಂದು ಫೋನ್ ಹೊಡೆದು ಜೆಸಿಬಿ ತರಿಸಿದರೆ ಮುಗೀತಲ್ಲ ಮಾರ್ರೆ? ಆಮೇಲೆ ನಾವೇ ಚಂದಾ ಎತ್ತಿ ಉದ್ದಕ್ಕೊಂದು ತಡೆಗೋಡೆ ಕಟ್ಟುವ. ಯಾವ ಟಿಪ್ಪರೂ ಬರುವುದಿಲ್ಲ.

ಮನೆ 23: ಗೋಡೆ ಖಂಡಿತ ಬೇಡ. ಅಲ್ಲಿ ಅನುಮತಿ ಇಲ್ಲದೆ ಗೋಡೆ ಕಟ್ಟಿದರೆ ಮಣ್ಣು ಸುರಿದವರ ಮೇಲೆ ಬೀಳುವ ಕಾನೂನೇ ನಮ್ಮ ಮೇಲೂ ಬೀಳುತ್ತದೆ.

2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯ ಪ್ರಕಾರ ಉಬ್ಬರ ರೇಖೆ ಮತ್ತು ಇಳಿತ ರೇಖೆಯ ನಡುವಿನ ಜಾಗ 1ಬಿ ವರ್ಗ. ಕಾಂಡ್ಲಾ ಕಾಡು, ಜೀವಿಗಳಿರುವ ಕೆಸರು ಬಯಲು, ಹಕ್ಕಿ ಗೂಡುಕಟ್ಟುವ ಜಾಗ ಇವು 1ಎ, ಅಂದರೆ ಅತಿ ಬಿಗಿ ರಕ್ಷಣೆಯ ವರ್ಗ. ಕಾಂಡ್ಲಾ ವಿಸ್ತೀರ್ಣ 1000 ಚದರ ಮೀಟರ್ ಮೀರಿದರೆ ಅದರ ಸುತ್ತಿನ 50 ಮೀಟರ್ ಕೂಡ 1ಎಗೆ ಸೇರುತ್ತದೆ. ಕಟ್ಟಡ ತ್ಯಾಜ್ಯ ಸುರಿಯುವುದು, ನೀರಿನ ಜಾಗ ತುಂಬಿಸಿ ನೆಲ ಮಾಡುವುದು ಎರಡೂ ನಿಷಿದ್ಧ.

ಅರ್ಜಿಯಲ್ಲಿ 2017ರ ಜೌಗುಭೂಮಿ ನಿಯಮಗಳನ್ನು ಆಧಾರ ಮಾಡಿ ಬರೆಯಬೇಡಿ. ಸಿಆರ್‌ಝಡ್ ವ್ಯಾಪ್ತಿಯ ಜಾಗವನ್ನು ಆ ನಿಯಮಗಳೇ ಹೊರಗಿಟ್ಟಿವೆ. ಆ ಒಂದು ಸಾಲು ಸಿಕ್ಕಿದರೆ ಸಾಕು, "ಸದರಿ ನಿಯಮಗಳು ಅನ್ವಯಿಸುವುದಿಲ್ಲ" ಅಂತ ಹಿಂಬರಹ ಕೊಟ್ಟು ಕಡತ ಮುಚ್ಚಬಹುದು. ಆಧಾರ ಪರಿಸರ (ಸಂರಕ್ಷಣೆ) ಕಾಯ್ದೆ 1986 ಮತ್ತು ಅದರಡಿಯ ಸಿಆರ್‌ಝಡ್ ಅಧಿಸೂಚನೆ 2019, ಇಷ್ಟೇ. "ಐದು ವರ್ಷ ಜೈಲಿಗೆ ಹಾಕಿ" ಅಂತಲೂ ಬೇಡ. 2023ರ ಜನ ವಿಶ್ವಾಸ ತಿದ್ದುಪಡಿಯ ನಂತರ ಅದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಗಿದೆ.

ಮನೆ 31: ಅರ್ಜಿ ಯಾರಿಗೆ ಸರ್? ಪುರಸಭೆಗೋ ಅರಣ್ಯ ಇಲಾಖೆಗೋ?

ಮನೆ 23: ಮುಖ್ಯ ಅರ್ಜಿ ಜಿಲ್ಲಾಧಿಕಾರಿಗೆ. ಜಿಲ್ಲಾ ಮಟ್ಟದ ಕರಾವಳಿ ವಲಯ ಸಮಿತಿ ಅವರ ಅಧ್ಯಕ್ಷತೆಯಲ್ಲೇ ಇರುವುದು. ಪ್ರತಿಗಳು ಉಡುಪಿಯ ಪ್ರಾದೇಶಿಕ ನಿರ್ದೇಶಕರು (ಪರಿಸರ), ಕುಂದಾಪುರದ ಸಹಾಯಕ ಆಯುಕ್ತರು, ತಹಶೀಲ್ದಾರ್, ಪುರಸಭೆ, ಕುಂದಾಪುರ ಅರಣ್ಯ ವಿಭಾಗ, ಬೆಂಗಳೂರಿನ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಇಷ್ಟು ಕಡೆಗೆ. ಖುದ್ದಾಗಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿ. ಬೆಂಗಳೂರಿಗೆ ರಿಜಿಸ್ಟರ್ ಅಂಚೆ.

ಕೇಳಬೇಕಾದದ್ದು ಮೂರು: ಸುರಿಯುವುದನ್ನು ಕೂಡಲೇ ನಿಲ್ಲಿಸುವ ಆದೇಶ, ಸರ್ವೆಯರ್ ಸಮೇತ ಜಂಟಿ ಸ್ಥಳ ತನಿಖೆ ಮತ್ತು ಮಹಜರು, ಸುರಿದವರ ಖರ್ಚಿನಲ್ಲಿ ತೆರವು. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಸೂಕ್ತ ಅಂದರೆ ಏನು ಅಂತ ಅವರೇ ತೀರ್ಮಾನಿಸುತ್ತಾರೆ.

ಸರ್ವೆ ನಂಬರ್ ಇಲ್ಲದ ಅರ್ಜಿಗೆ ಕಾಲಿಲ್ಲ. ದಿಶಾಂಕ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್) ತೆರೆದು ಸ್ಥಳದಲ್ಲೇ ನಿಂತು ನೋಡಿ. ಹೊಳೆಯ ಅಂಚಿನಲ್ಲಿ ಅದು ಕೆಲವು ಮೀಟರ್ ಆಚೀಚೆ ತೋರಿಸಬಹುದು, ಹಾಗಾಗಿ ಪಕ್ಕದ ಎರಡು ಸರ್ವೆ ನಂಬರ್‌ಗಳನ್ನೂ ಬರೆಯಿರಿ. ಕರಾವಳಿ ವಲಯದ ನಕ್ಷೆ ಕೇಳುವಾಗ 1:25,000 ನಕ್ಷೆ ಕೊಟ್ಟರೆ ಒಪ್ಪಬೇಡಿ. ಅದರಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್, ಇಡೀ ರಾಶಿ ಗೆರೆಯ ದಪ್ಪದೊಳಗೆ ಮಾಯ. ಸರ್ವೆ ನಂಬರ್ ಇರುವ ದೊಡ್ಡ ಅಳತೆಯ ನಕ್ಷೆ ಬೇಕು ಅಂತ ಸ್ಪಷ್ಟವಾಗಿ ಕೇಳಿ.

ಮನೆ 12: ಫೋಟೋ ಮತ್ತು ಅಳತೆ ಬಗ್ಗೆ. ಜಿಪಿಎಸ್, ದಿನಾಂಕ, ಸಮಯ ಬರುವ ಕ್ಯಾಮೆರಾ ಆ್ಯಪ್ ಬಳಸಿ, ಆದರೆ ಮೂಲ ಫೈಲ್ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಒಂದೇ ಜಾಗದಿಂದ, ಟ್ರಾನ್ಸ್‌ಫಾರ್ಮರ್ ಕಂಬ ಚೌಕಟ್ಟಿನೊಳಗೆ ಬರುವಂತೆ, ವಾರಕ್ಕೊಂದು ಫೋಟೋ. ರಾಶಿ ಬೆಳೆದದ್ದು ಆಗ ಯಾರಿಗೂ ವಿವರಿಸಬೇಕಾಗುವುದಿಲ್ಲ. ಉಬ್ಬರದಲ್ಲೊಂದು, ಇಳಿತದಲ್ಲೊಂದು ತೆಗೆಯಿರಿ. ಉಬ್ಬರದ ನೀರು ರಾಶಿಯ ಬುಡ ಮುಟ್ಟುವ ಚಿತ್ರವೇ "ಇದು ಒಣ ಜಾಗ" ಅನ್ನುವವರಿಗೆ ಉತ್ತರ.

"ತುಂಬಾ ಲೋಡ್" ಅಂತ ಬರೆಯಬೇಡಿ, ಅಳೆಯಿರಿ. ಟೇಪ್ ಹಿಡಿದು ಉದ್ದ, ಐದಾರು ಕಡೆ ಅಗಲ, ಕಬ್ಬಿಣದ ಸರಳು ಚುಚ್ಚಿ ಐದಾರು ಕಡೆ ದಪ್ಪ. ಉದಾಹರಣೆಗೆ 30 ಮೀಟರ್ ಉದ್ದ, ಸರಾಸರಿ 8 ಮೀಟರ್ ಅಗಲ, 1.2 ಮೀಟರ್ ದಪ್ಪ ಬಂದರೆ 288 ಘನ ಮೀಟರ್. ಒಂದು ಘನ ಮೀಟರಿಗೆ 35.3 ಘನ ಅಡಿ, ಅಂದರೆ ಹತ್ತು ಸಾವಿರ ಘನ ಅಡಿ ದಾಟುತ್ತದೆ. 200 ಘನ ಅಡಿಯ ಟಿಪ್ಪರ್ ಲೆಕ್ಕದಲ್ಲಿ ಐವತ್ತು ಲೋಡ್. ತೆರವಿನ ಟೆಂಡರ್ ಮಾಡುವವರಿಗೂ ಈ ಅಂಕಿಯೇ ಬೇಕಾಗುವುದು.

ಮನೆ 31: ಒಂದು ಒಳ್ಳೆ ಸುದ್ದಿ. ಒಂದು ಕಂಪನಿಯವರು ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ 2000 ಕಾಂಡ್ಲಾ ಸಸಿ ಕೊಡಲು ತಯಾರಿದ್ದಾರೆ. ಎದುರಿನ ಕೆಸರು ಬಯಲು ಪೂರ್ತಿ ಖಾಲಿ ಬಿದ್ದಿದೆ, ಅಲ್ಲಿ ನೆಟ್ಟರೆ ಮಣ್ಣು ಹಾಕುವವರಿಗೂ ಜಾಗ ಸಿಗುವುದಿಲ್ಲ.

ಮನೆ 7: ಅಕ್ಕ, ದಯವಿಟ್ಟು ಒಪ್ಪಬೇಡಿ. ಆ ಬಯಲು ಖಾಲಿ ಇಲ್ಲ. ಇಳಿತದಲ್ಲಿ ಒಂದು ಸಲಿಕೆ ಕೆಸರು ಎತ್ತಿ ಜರಡಿ ಹಿಡಿದರೆ ಹುಳು, ಚಿಪ್ಪು, ಮರಿ ಏಡಿ ಸಿಗುತ್ತವೆ. ವಲಸೆ ಹಕ್ಕಿಗಳ ಊಟ ಅದೇ. ಕಪ್ಪೆಚಿಪ್ಪು ಹೆಕ್ಕುವ ಹೆಂಗಸರ ದುಡಿಮೆಯೂ ಅಲ್ಲೇ. ಅಲ್ಲಿ ಗಿಡ ನೆಟ್ಟು ಗೆದ್ದರೆ ಹಕ್ಕಿಗೆ ಜಾಗ ಹೋಯಿತು. ಕೆಸರು ಹಕ್ಕಿಗಳು ಸುತ್ತ ಬಯಲು ಕಾಣದ ಕಡೆ ಇಳಿಯುವುದಿಲ್ಲ, ಗಿಡುಗ ಬಂದರೆ ತಿಳಿಯಬೇಕಲ್ಲ. ಸೋತರೆ ಹಣ ಹೋಯಿತು.

ಸೋಲುವುದೇ ಹೆಚ್ಚು. ಕಾಂಡ್ಲಾ ಬೆಳೆಯುವುದು ಸರಾಸರಿ ಸಮುದ್ರ ಮಟ್ಟಕ್ಕಿಂತ ಮೇಲೆ, ದೊಡ್ಡ ಉಬ್ಬರ ಮುಟ್ಟುವ ಎತ್ತರಕ್ಕಿಂತ ಕೆಳಗೆ, ಆ ಪಟ್ಟಿಯಲ್ಲಿ. ದಿನದ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೊತ್ತು ಮುಳುಗುವ ಕಡೆ ನೆಟ್ಟರೆ ಸಸಿಗೆ ಉಸಿರು ಕಟ್ಟುತ್ತದೆ, ಕಾಂಡಕ್ಕೆ ಬಾರ್ನಕಲ್ ಚಿಪ್ಪು ಅಂಟಿ ಭಾರಕ್ಕೆ ಬಾಗುತ್ತದೆ. ಫಿಲಿಪೀನ್ಸ್‌ನಲ್ಲಿ ಹೀಗೆ ಕೆಸರು ಬಯಲಿಗೆ ಹಾಕಿದ ನೆಡುತೋಪುಗಳು ದೊಡ್ಡ ಪ್ರಮಾಣದಲ್ಲಿ ಸತ್ತವು. ಸುನಾಮಿಯ ನಂತರ ಶ್ರೀಲಂಕಾದಲ್ಲೂ ಅದೇ ಕಥೆ. ಸಸಿಗಳ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ, ಬದುಕಿದವುಗಳ ಲೆಕ್ಕ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಬೇಕಾದದ್ದು ಸಸಿ ಅಲ್ಲ, ನೀರು. ಮೋರಿಯ ಒಳಬದಿಯ ಅವಿಸೆನಿಯಾ (ಒಂದು ಜಾತಿಯ ಕಾಂಡ್ಲಾ) ಗಿಡಗಳ ಬುಡದಲ್ಲಿ ಪೆನ್ಸಿಲ್ ಥರ ನಿಂತಿರುವುದು ಉಸಿರಾಟದ ಬೇರು. ಅದರ ಮೇಲೆ ಮಣ್ಣು ಕೂತರೆ ಅಥವಾ ನಿಂತ ನೀರು ವಾರಗಟ್ಟಲೆ ಮುಚ್ಚಿದರೆ ಮರ ಒಣಗುತ್ತದೆ. ಮೋರಿ ತೆರೆದು ಉಬ್ಬರ ಇಳಿತ ಆಡಿದರೆ ಬೀಜ ತಾನೇ ತೇಲಿ ಬಂದು ತನಗೆ ಬೇಕಾದ ಮಟ್ಟದಲ್ಲಿ ಬೇರೂರುತ್ತದೆ. ಎರಡು ಮಳೆಗಾಲ ಕಾದೂ ಬರದಿದ್ದರೆ ಮಾತ್ರ ನೆಡುವ ಮಾತು, ಅದೂ ಈಗ ಗಿಡ ಇರುವ ಮಟ್ಟದಲ್ಲೇ.

ಮನೆ 31: ಸರಿ ಸರ್. ಹಾಗಾದರೆ ಕಂಪನಿಯವರಿಗೆ ಮೋರಿಗೆ ಹಣ ಕೊಡಿ ಅನ್ನಬಹುದಾ?

ಮನೆ 12: ಕೇಳಿ ನೋಡಿ. ಆದರೆ ಕೆಲಸ ಮಾಡಿಸಬೇಕಾದದ್ದು ರಸ್ತೆ ಯಾರದೋ ಅವರು, ಅಂದರೆ ಪುರಸಭೆ. ಈಗಿರುವುದು 300 ಮಿಲಿಮೀಟರ್ ಪೈಪ್ ಒಂದೇ, ಅದೂ ಎತ್ತರಕ್ಕೆ ಕೂರಿಸಿದ್ದು. ಪೈಪಿನ ತಳ ಒಳಗಿನ ತೋಡಿನ ತಳಕ್ಕಿಂತ ಮೇಲಿದ್ದರೆ ದೊಡ್ಡ ಉಬ್ಬರಕ್ಕೆ ನೀರು ಒಳಗೆ ಬರುತ್ತದೆ, ಇಳಿತಕ್ಕೆ ಪೂರ್ತಿ ವಾಪಸು ಹೋಗುವುದಿಲ್ಲ. ಬೇಸಿಗೆಯಲ್ಲಿ ನಿಂತದ್ದು ಆವಿಯಾಗಿ ಉಪ್ಪು ಏರುತ್ತದೆ, ಮಳೆಗಾಲದಲ್ಲಿ ಸಿಹಿನೀರು ನಿಂತು ಸೊಳ್ಳೆ. ಹಾಗಾಗಿ ಅದೇ ಗಾತ್ರದ ಪೈಪ್ ಬದಲಿಸುವುದು ವ್ಯರ್ಥ. ಬಾಕ್ಸ್ ಮೋರಿ ಬೇಕು, ತಳ ತೋಡಿನ ತಳಕ್ಕಿಂತ ತುಸು ಕೆಳಗೆ. ಸದ್ಯಕ್ಕೆ ಬಾಯಿಯ ರಾಶಿ ತೆಗೆದು ಪೈಪ್ ಚೊಕ್ಕ ಮಾಡಿಸುವುದು ದುರಸ್ತಿ ಲೆಕ್ಕಕ್ಕೆ ಬರುತ್ತದೆ. ಹೊಸ ಮೋರಿಗೆ ಸಿಆರ್‌ಝಡ್ ಅನುಮತಿ ಅವರು ತೆಗೆದುಕೊಳ್ಳಬೇಕು.

ಮನೆ 19: ಹಕ್ಕಿಗಳ ಪಟ್ಟಿ ಅರ್ಜಿಗೆ ಲಗತ್ತಿಸುವ ಬಗ್ಗೆ. ನೂರು ಹಕ್ಕಿಯ ಪಟ್ಟಿ ಬೇಡ, ಬೆಳ್ಳಕ್ಕಿ ಮಿಂಚುಳ್ಳಿ ನೋಡಿ ಯಾರೂ ಆದೇಶ ಹೊರಡಿಸುವುದಿಲ್ಲ. ಐಯುಸಿಎನ್ (ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಆತಂಕದ ವರ್ಗದಲ್ಲಿ ಇರುವುದಷ್ಟೇ ಕೊಡುವ. 2024ರಲ್ಲಿ ಆ ಪಟ್ಟಿ ಬದಲಾಗಿದೆ, ಹಳೆ ಪುಸ್ತಕ ನೋಡಿ ಬರೆಯಬೇಡಿ. ಗ್ರೇ ಪ್ಲೋವರ್, ಕರ್ಲ್ಯೂ ಸ್ಯಾಂಡ್‌ಪೈಪರ್, ಬ್ರಾಡ್-ಬಿಲ್ಡ್ ಸ್ಯಾಂಡ್‌ಪೈಪರ್ ಮೂರೂ ಈಗ "ದುರ್ಬಲ" ವರ್ಗದಲ್ಲಿವೆ. ಯುರೇಷಿಯನ್ ಕರ್ಲ್ಯೂ ಮತ್ತು ಎರಡು ಬಗೆಯ ಗಾಡ್ವಿಟ್ ಮೊದಲಿಂದಲೂ "ಅಪಾಯದ ಅಂಚಿನಲ್ಲಿ" ಇವೆ, ಡನ್ಲಿನ್ ಮತ್ತು ರಡ್ಡಿ ಟರ್ನ್‌ಸ್ಟೋನ್ 2024ರಲ್ಲಿ ಆ ಸಾಲಿಗೆ ಬಂದವು. ನದಿ ರೀವ (ರಿವರ್ ಟರ್ನ್) ಕೂಡ "ದುರ್ಬಲ".

ಗುರುತು ತಪ್ಪಿದರೆ ಇಡೀ ಲಗತ್ತು ಬಿದ್ದು ಹೋಗುತ್ತದೆ. ಹೆಚ್ಚು ಎಡವುವುದು ಕರ್ಲ್ಯೂ ಮತ್ತು ವಿಂಬ್ರೆಲ್‌ನಲ್ಲಿ. ಎರಡಕ್ಕೂ ಕೆಳಗೆ ಬಾಗಿದ ಕೊಕ್ಕು. ವಿಂಬ್ರೆಲ್ ಚಿಕ್ಕದು, ತಲೆಯ ಮೇಲೆ ಕಪ್ಪು ಪಟ್ಟೆ ಸ್ಪಷ್ಟ, ಮತ್ತು ಅದಕ್ಕೆ ಆತಂಕದ ವರ್ಗ ಇಲ್ಲ. ಕರ್ಲ್ಯೂ ಕೊಕ್ಕು ತಲೆಗಿಂತ ಬಹಳ ಉದ್ದ, ನೆತ್ತಿಯಲ್ಲಿ ಪಟ್ಟೆ ಇಲ್ಲ. ಗ್ರೇ ಪ್ಲೋವರ್ ಹಾರುವಾಗ ಕಂಕುಳು ಕಪ್ಪು, ಅದೊಂದು ಫೋಟೋ ಸಿಕ್ಕರೆ ವಾದವೇ ಇಲ್ಲ. ಕರ್ಲ್ಯೂ ಸ್ಯಾಂಡ್‌ಪೈಪರ್ ಹಾರಿದಾಗ ಬಾಲದ ಮೇಲೆ ಬಿಳಿ ಕಾಣಬೇಕು.

ಎಣಿಕೆ ಗಡಿಯಾರ ನೋಡಿ ಅಲ್ಲ, ನೀರು ನೋಡಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹೊಳೆಯೊಳಗೆ ಅಳಿವೆಗಿಂತ ತಡವಾಗಿ ಬರುತ್ತದೆ. "ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ" ಅಂತ ಇಟ್ಟುಕೊಂಡರೆ ಒಂದು ವಾರ ಹಕ್ಕಿ ತುಂಬಿರುತ್ತದೆ, ಮುಂದಿನ ವಾರ ಒಂದೂ ಇರುವುದಿಲ್ಲ. ಎರಡನ್ನೂ ಹೋಲಿಸಿ "ಹಕ್ಕಿ ಕಡಿಮೆಯಾಗಿದೆ" ಅಂದರೆ ಅದು ಸುಳ್ಳು. ತಿನ್ನುವ ಹಕ್ಕಿಗಳ ಎಣಿಕೆ ಇಳಿತದ ಎರಡು ತಾಸು ಹಿಂದುಮುಂದು, ತಂಗುವ ಹಕ್ಕಿಗಳದ್ದು ತುಂಬು ಉಬ್ಬರದಲ್ಲಿ. ನಮ್ಮ ಕಡೆ ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಉಬ್ಬರ ನಡುಹಗಲಿನ ಹೊತ್ತಿಗೆ ಬರುವುದರಿಂದ ತಂಗುದಾಣ ಎಣಿಸಲು ಆ ದಿನಗಳು ಅನುಕೂಲ.

8×42 ದುರ್ಬೀನು ಸಾಕು, ದೂರದ ಗುಂಪಿಗೆ ಸ್ಕೋಪ್. ರಸ್ತೆಯ ಮೇಲೆ ಒಂದೇ ಕಡೆ ನಿಂತು 30 ನಿಮಿಷ, ಹಕ್ಕಿ ದಾಖಲಿಸುವ ಇಬರ್ಡ್ ಆ್ಯಪ್‌ನಲ್ಲಿ ನಿಂತು ನೋಡಿದ ಪಟ್ಟಿ ಅಂತಲೇ ದಾಖಲಿಸಿ. ಎಣಿಸದೆ "ಎಕ್ಸ್" (ಕಂಡಿದೆ ಅಂತಷ್ಟೇ) ಹಾಕಬೇಡಿ, ಸಂಖ್ಯೆ ಹಾಕಿ. ಜನವರಿಯ ಏಷ್ಯನ್ ನೀರುಹಕ್ಕಿ ಗಣತಿಗೂ ಇದೇ ಜಾಗ ಸೇರಿಸುವ. ಕೆಸರಿಗೆ ಇಳಿದು ಹಕ್ಕಿ ಎಬ್ಬಿಸಿ ಫೋಟೋ ತೆಗೆಯುವುದು ಬೇಡ, ಅದರಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ. ಸೈಬೀರಿಯಾದ ತನಕ ಹಾರಲು ಕೊಬ್ಬು ಕೂಡಿಸುವ ಹೊತ್ತು ಅದು.

ಮನೆ 4: ಹಾಗಾದರೆ ಜೆಸಿಬಿ ಬಂದರೂ ಹಕ್ಕಿ ಹೋಗುತ್ತದಲ್ಲ? ಮೇ ತನಕ ಕಾಯುವುದಾ?

ಮನೆ 7: ಕಾಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೇಯಲ್ಲಿ ಬಹುಪಾಲು ಹಕ್ಕಿ ಹೊರಟಿರುತ್ತವೆ.

ಮನೆ 12: ಒಪ್ಪುವುದಿಲ್ಲ ಸರ್. ಈಗ ನವೆಂಬರ್. ಆರು ತಿಂಗಳು ಬಿಟ್ಟರೆ ಲಾರಿ ಓಡಾಡಿ ರಾಶಿ ಗಟ್ಟಿಯಾಗುತ್ತದೆ, ಮೇಲೆ ಕಳೆ ಬೆಳೆಯುತ್ತದೆ, ಆಮೇಲೆ ಯಾರೋ ಬೇಲಿ ಹಾಕುತ್ತಾರೆ. ಮೇ ಕೊನೆಗೆ ಒಂದು ದೊಡ್ಡ ಮಳೆ ಮೊದಲೇ ಬಂದರೆ ಅಷ್ಟೂ ಮಣ್ಣು ಕೊಚ್ಚಿ ಬಯಲಿನ ಮೇಲೆ ಹರಡುತ್ತದೆ. ಅಷ್ಟಮಿಯಿಂದ ದಶಮಿ ಒಳಗೆ ಉಬ್ಬರ ಸಣ್ಣದು, ನೀರು ಎತ್ತರ ಏರುವುದಿಲ್ಲ, ಬರುವುದೂ ಬೆಳಿಗ್ಗೆ. ಬಯಲು ಮುಳುಗಿರುವ ಆ ಹೊತ್ತಿನಲ್ಲಿ, ಸುಮಾರು 6ರಿಂದ 9ರ ತನಕ ಮಾತ್ರ ಯಂತ್ರ ಓಡಿಸಿದರೆ ತಿನ್ನುವ ಹಕ್ಕಿಗಳಿಗೆ ತೊಂದರೆ ಕಡಿಮೆ. ಖಚಿತ ಸಮಯ ಆ ತಿಂಗಳ ಉಬ್ಬರ ಪಟ್ಟಿ ನೋಡಿ ಗುರುತು ಹಾಕುವ.

ಯಂತ್ರ ರಸ್ತೆಯ ಮೇಲೇ ನಿಲ್ಲಬೇಕು, ಕೈ ಚಾಚಿ ಎಳೆದುಕೊಳ್ಳಬೇಕು. ಕೆಸರಿಗೆ ಇಳಿದರೆ ಚಕ್ರದ ಗುಂಡಿ ವರ್ಷಗಟ್ಟಲೆ ಮುಚ್ಚುವುದಿಲ್ಲ. ಎಲ್ಲಿಯ ತನಕ ಅಗೆಯಬೇಕು ಅನ್ನುವುದಕ್ಕೆ ಮೇಸ್ತ್ರಿಗಳ ಲೆವೆಲ್ ಟ್ಯೂಬ್ ಸಾಕು: ಪಕ್ಕದ ಮುಟ್ಟದ ಕೆಸರಿನ ಮಟ್ಟ ಹಿಡಿದು ಗೂಟಕ್ಕೆ ಬಣ್ಣ ಹೊಡೆಯಿರಿ, ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಕೆಳಗೆ ಹೋದರೆ ಹೊಂಡ, ನೀರು ನಿಲ್ಲುತ್ತದೆ. ಮೇಲೆ ಉಳಿಸಿದರೆ ಒಣ ನೆಲ, ನಾಳೆ ಸೈಟ್. ಕೊನೆಯ ಒಂದು ಗೇಣು ಕೈಯಲ್ಲೇ, ಬುಟ್ಟಿ ಸಲಿಕೆ.

ಎತ್ತಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಆದೇಶದಲ್ಲೇ ಬರೆಸಬೇಕು, ಪ್ರತಿ ಲೋಡಿಗೆ ಟ್ರಿಪ್ ಚೀಟಿ. ಇಲ್ಲದಿದ್ದರೆ ಅದೇ ಮಣ್ಣು ಇನ್ನೊಂದು ಕುದ್ರುವಿನ (ಹೊಳೆ ನಡುವಿನ ದ್ವೀಪದ) ಅಂಚಿಗೆ ಬೀಳುತ್ತದೆ.

ಮನೆ 7: ಉಬ್ಬರದ ಹೊತ್ತಿಗೇ ಮಾಡುವುದಾದರೆ ನನ್ನ ತಕರಾರಿಲ್ಲ. ತಂಗುವ ಹಕ್ಕಿಗಳು ಆ ಹೊತ್ತಿಗೆ ಎಲ್ಲಿರುತ್ತವೆ ಅಂತ 19ರವರು ಮೊದಲು ನೋಡಲಿ. ರಾಶಿಗೆ ಹತ್ತಿರವಿದ್ದರೆ ಮೇ ತಿಂಗಳೇ.

ಮನೆ 15: ಟಿಪ್ಪರ್ ತಡೆಯುವುದು ಹೇಗೆ? ಸಿಸಿಟಿವಿ ಹಾಕಿಸಿದರೆ ನಂಬರ್ ಸಿಗುತ್ತದಾ?

ಮನೆ 12: ಸಾಮಾನ್ಯ ಕ್ಯಾಮೆರಾದಲ್ಲಿ ರಾತ್ರಿ ಹೆಡ್‌ಲೈಟ್ ಬಿಟ್ಟು ಏನೂ ಕಾಣುವುದಿಲ್ಲ. ನಂಬರ್ ಪ್ಲೇಟಿಗೆ ಬೇರೆ ಕ್ಯಾಮೆರಾ, ಎರಡೂವರೆ ಮೂರು ಮೀಟರ್ ಎತ್ತರದಲ್ಲಿ, ವಾಹನ ಹೊರಡುವಾಗ ಹಿಂದಿನಿಂದ ಹಿಡಿಯುವಂತೆ, ಶಟರ್ ವೇಗ ಹೆಚ್ಚಿಸಿ. ಅದಕ್ಕಿಂತ ಅಗ್ಗದ ಉಪಾಯ ಕಲ್ಲು ಕಂಬ. ರಸ್ತೆ ತುದಿಯಲ್ಲಿ ಪುರಸಭೆಯ ಒಪ್ಪಿಗೆ ಪಡೆದು ಒಂದೂವರೆ ಮೀಟರ್ ಅಂತರದಲ್ಲಿ ನೆಡಿಸುವುದು, 60 ಸೆಂಟಿಮೀಟರ್ ನೆಲದೊಳಗೆ, ಸುತ್ತ ಕಾಂಕ್ರೀಟ್. ಮೀನುಗಾರರ ಕೈಗಾಡಿ, ಬೈಕ್ ಹೋಗುತ್ತದೆ, ಟಿಪ್ಪರ್ ಹೋಗುವುದಿಲ್ಲ. ಹೊಳೆಗೆ ಇಳಿಯುವವರನ್ನು ಕೇಳದೆ ಕಂಬ ಹಾಕಿದರೆ ಅವರೇ ಕಿತ್ತು ಹಾಕುತ್ತಾರೆ, ಅದು ನ್ಯಾಯವೂ ಹೌದು. ಹೊಳೆಗೆ ಮುಖ ಮಾಡಿದ ಬೀದಿದೀಪ ಬೇಡ. ಬೆಳಕು ರಸ್ತೆಗೆ ಮಾತ್ರ ಬೀಳುವಂತೆ ಮುಚ್ಚಿಗೆ ಇರಲಿ.

ಮನೆ 23: ಗಡುವುಗಳು. ಅರ್ಜಿ ಕೊಟ್ಟು 30 ದಿನಕ್ಕೆ ಆರ್‌ಟಿಐ ಹಾಕುವ: ಕೈಗೊಂಡ ಕ್ರಮ, ಮಹಜರಿನ ಪ್ರತಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಮೋರಿಗೆ ಬೇರೆ ಅರ್ಜಿ, ಮಣ್ಣಿಗೆ ಬೇರೆ. ಹಸಿರು ನ್ಯಾಯಮಂಡಳಿಗೆ ಹೋಗಬೇಕಾದರೆ ನಮಗೆ ಚೆನ್ನೈನ ದಕ್ಷಿಣ ಪೀಠ. ಕಲಂ 14ರಡಿ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳು, ಸಕಾರಣ ಇದ್ದರೆ ಇನ್ನೂ 60 ದಿನ. ಜಾಗ ಮೊದಲಿನಂತೆ ಮಾಡಿಸಿ ಅನ್ನುವ ಕಲಂ 15ಕ್ಕೆ ಐದು ವರ್ಷ. ಹಾಗಾಗಿ ಮೊದಲ ಲೋಡ್ ಬಿದ್ದ ದಿನದ ಫೋಟೋ ಯಾರ ಬಳಿ ಇದ್ದರೂ ಮೂಲ ಫೈಲ್ ಸಮೇತ ಕೊಡಿ.

ಅಡ್ಮಿನ್: ಹಂಚಿಕೆ: ಅಳತೆ ಮತ್ತು ಲೆವೆಲ್ 12ರವರು, ಜೊತೆಗೆ ಟೇಪ್ ಹಿಡಿಯಲು ಇಬ್ಬರು. ಸರ್ವೆ ನಂಬರ್, ಅರ್ಜಿ ಕರಡು 23ರವರು. ತಂಗುದಾಣ ಮತ್ತು ಇಳಿತದ ಎಣಿಕೆ 19ರವರು. ಚಿಪ್ಪು ಹೆಕ್ಕುವವರು ಮತ್ತು ದೋಣಿಯವರ ಜೊತೆ ಮಾತು, ಸಹಿ 31 ಮತ್ತು 15. ಸಹಿ ಹಾಳೆಯಲ್ಲಿ ಮನೆ ನಂಬರ್ ಕಡ್ಡಾಯ.

ಮನೆ 4: ಟೇಪ್ ಹಿಡಿಯಲು ನಾನು ಬರುತ್ತೇನೆ. ಗಂಬೂಟು ಬೇಕಾ?

ಮನೆ 12: ಬೇಕು, ಒಡೆದ ಟೈಲ್ಸ್ ಮತ್ತು ಸರಳಿನ ತುಂಡು ತುಂಬಾ ಇದೆ. ಆದರೆ ರಾಶಿಯ ಮೇಲಷ್ಟೇ. ಕೆಸರಿಗೆ ಇಳಿಯುವುದು ಬೇಡ.