‘ನೇಮಕಾತಿ ಕುಸಿದಿದೆ’: ಲಾಬ್‌ಸ್ಟರ್ ವಿಷಯಕ್ಕೆ ಕನ್ನಡದ ಪದ ಬೇಕು

ಬಳಗದವರಿಗೆ ನಮಸ್ಕಾರ.

ಪಿಯುಸಿ ಓದುವ ನನ್ನ ತಂಗಿಯ ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಅಮೆರಿಕದ ಮೇನ್ ಕರಾವಳಿಯ ಲಾಬ್‌ಸ್ಟರ್ (ಏಡಿ, ಸಿಗಡಿಗಳ ನೆಂಟ, ಗಟ್ಟಿ ಚಿಪ್ಪಿನ ಕಡಲ ಜೀವಿ) ಬಗ್ಗೆ ಬರೀತಿದಾಳೆ. ಇಂಗ್ಲಿಷಿನಿಂದ ಫೋನಿನಲ್ಲಿ ಅನುವಾದ ಮಾಡಿಸಿ ತಂದ ಹಾಳೆಯಲ್ಲಿ ‘ರಿಕ್ರೂಟ್‌ಮೆಂಟ್’ ನೇಮಕಾತಿಯಾಗಿ, ‘ಸ್ಟಾಕ್’ ದಾಸ್ತಾನಾಗಿ, ‘ಲಾಬ್‌ಸ್ಟರ್‌ಗಳ ನೇಮಕಾತಿ ಕುಸಿದಿದ್ದು, ದಾಸ್ತಾನು ಅಪಾಯದಲ್ಲಿದೆ’ ಅಂತಿತ್ತು. ಯಾವ ಇಲಾಖೆಯ ನೇಮಕಾತಿ ಅಂತ ನಕ್ಕೆ. ತಿದ್ದಲು ಕೂತಾಗ ನನಗೂ ಪೆನ್ನು ಓಡಲಿಲ್ಲ.

ಒಂದು ಪದ ಮಾತ್ರ ನಮ್ಮ ದಾವಣಗೆರೆಯ ಎಪಿಎಂಸಿಯಲ್ಲೇ ಸಿಕ್ಕಿತು: ಆವಕ. ದೋಣಿಯಿಂದ ದಡಕ್ಕೆ ಬಂದು ತೂಕವಾದ ಮಾಲು ಅಂದರೆ ಅದೇ ತಾನೆ? ಪುಸ್ತಕಗಳಲ್ಲಿ ‘ಹಿಡುವಳಿ’ ಅಂತಿರುತ್ತದೆ. ನಮ್ಮ ಕಡೆ ಹಿಡುವಳಿ ಅಂದರೆ ಜಮೀನು, ಪಹಣಿ ನೆನಪಾಗುತ್ತದೆ. ಮೇನ್‌ನಲ್ಲಿ 2016ರಲ್ಲಿ ಆವಕ ಸುಮಾರು 13.2 ಕೋಟಿ ಪೌಂಡ್, ಅಂದರೆ 60 ಸಾವಿರ ಟನ್ ಹತ್ತಿರ. 2023ರ ಹೊತ್ತಿಗೆ 10 ಕೋಟಿ ಪೌಂಡಿಗಿಂತ ಕೆಳಗಿಳಿಯಿತು.

ಈ ಪದ ನನಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಆವಕ ಇಳಿಯಿತು ಅಂದರೆ ಬೆಳೆ ಕೈಕೊಟ್ಟಿತು ಅಂತಲ್ಲ. ದರ ಬಿದ್ದಾಗ ರೈತ ಮೆಕ್ಕೆಜೋಳವನ್ನು ಮನೇಲೇ ಇಟ್ಕೋತಾನೆ, ಮಂಡಿ ಖಾಲಿ ಹೊಡೆಯುತ್ತದೆ. ಅಲ್ಲೂ ಡೀಸೆಲ್, ಲಾಬ್‌ಸ್ಟರ್ ಸೆಳೆಯಲು ಇಡುವ ಎರೆ ದುಬಾರಿಯಾದರೆ ದೋಣಿ ಕಡಲಿಗೆ ಇಳಿಯುವುದೇ ಕಡಿಮೆ. ಹಾಗಾಗಿ ಆವಕ ಬೇರೆ, ನೀರಿನಲ್ಲಿ ಉಳಿದಿರುವುದು ಬೇರೆ. ಆ ಎರಡನೆಯದಕ್ಕೆ ‘ದಾಸ್ತಾನು’ ಅನ್ನಲು ಮನಸ್ಸು ಬರುವುದಿಲ್ಲ. ಅದು ಗೋದಾಮಿನ ಮಾತು. ‘ಸಂತತಿ’ ಅಂದರೆ ಹೊಂದುತ್ತದೆಯೇ? ‘ಜನಸಂಖ್ಯೆ’ಯಂತೂ ಬೇಡ.

ತೊಡಕಿನದು ‘ನೇಮಕಾತಿ’. ಮರಿಗಳು ಬೆಳೆದು ಹಿಡಿಯುವ ಅಳತೆಗೆ ಬಂದು ಸೇರಿಕೊಳ್ಳುವುದು ಅಂತ ಅದರ ಅರ್ಥ. ಅಮೆರಿಕದ ಲಾಬ್‌ಸ್ಟರ್‌ಗೆ ಇದಕ್ಕೆ ಆರೇಳು ವರ್ಷ ಬೇಕು, ಹಾಗಾಗಿ ಇವತ್ತು ಬಲೆಪೆಟ್ಟಿಗೆ (ಹಿಡಿಯಲು ನೀರಿಗಿಳಿಸುವ ಪೆಟ್ಟಿಗೆ) ತುಂಬಿದ್ದರೂ ಮುಂದಿನ ವರ್ಷಗಳಲ್ಲಿ ಖಾಲಿ ಇರಬಹುದು. ಮೇನ್ ಕೊಲ್ಲಿಯಲ್ಲಿ ಆಗಿದ್ದು ಇದೇ ತರಹದ್ದು: ಅಳತೆಗೆ ಇನ್ನೇನು ಬರಬೇಕಿದ್ದ ಎಳೆಯವು 2016–18ಕ್ಕೆ ಹೋಲಿಸಿದರೆ 2020–22ರಲ್ಲಿ ಶೇ 39ರಷ್ಟು ಕಡಿಮೆ. ಆ ಕೊಲ್ಲಿಯ ನೀರು ಬೇರೆ ಬಹುಪಾಲು ಕಡಲುಗಳಿಗಿಂತ ಬೇಗ ಬಿಸಿಯಾಗುತ್ತಿದೆ. ‘ಮರಿ ಸೇರ್ಪಡೆ’ ಅಂತ ಬರೆದಿದೀನಿ, ಸಪ್ಪೆ ಅನ್ನಿಸುತ್ತಿದೆ. ಸೂಳೆಕೆರೆಯಲ್ಲಿ ಮೀನುಮರಿ ‘ಬಿತ್ತನೆ’ ಅಂತಾರೆ, ಆದರೆ ಅದು ಮನುಷ್ಯರು ಬಿಡುವುದು. ಇಲ್ಲಿ ಯಾರೂ ಬಿಡುವುದಿಲ್ಲ. ಕುರಿ ಕಾಯುವವರನ್ನು ಕೇಳಿದರೆ ಮರಿ ‘ಹಿಂಡಿಗೆ ಬಿತ್ತು’ ಅನ್ನುವಂಥ ಒಂದು ಮಾತು ಸಿಕ್ಕೀತೇನೋ.

ಅಲ್ಲಿಯ ಬೆಸ್ತರು ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಬಾಲದ ಒಂದು ಎಸಳಿಗೆ ಕಚ್ಚು ಹಾಕಿ ನೀರಿಗೆ ಬಿಡ್ತಾರೆ. ಮೊಟ್ಟೆ ಉದುರಿದ ಮೇಲೂ ಆ ಕಚ್ಚು ಕಂಡವರು ಅದನ್ನು ಮಾರುವಂತಿಲ್ಲ. ‘ಗಬ್ಬದ ಲಾಬ್‌ಸ್ಟರ್’ ಅಂತ ಬರೆದು ಹೊಡೆದು ಹಾಕಿದೆ, ಯಾಕಂದರೆ ಮೊಟ್ಟೆ ಹೊಟ್ಟೆಯೊಳಗಲ್ಲ, ಬಾಲದಡಿ ಅಂಟಿಕೊಂಡಿರುತ್ತದೆ. ಮುಂಬೈ ಕಡಲಿನ ಚಪ್ಪಟೆ ಜಾತಿಯ ಲಾಬ್‌ಸ್ಟರ್‌ಗೆ ಈ ಕಾವಲು ಇರಲಿಲ್ಲ. ದೋಣಿ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಗೆ ಮೊಟ್ಟೆ ಹೊತ್ತವೂ ಸೇರಿ ಬಂದು, 1994ರ ಹೊತ್ತಿಗೆ ಅಲ್ಲಿ ಸಂತತಿಯೇ ನೆಲಕಚ್ಚಿತು. ಅದು ಬರೀ ಆವಕದ ಮಾತಾಗಿರಲಿಲ್ಲ.

ಇನ್ನು ಪ್ರಾಣಿಯ ಹೆಸರು. ‘ಕಡಲೇಡಿ’ ಅಂದರೆ ಇಲ್ಲಿಯವರಿಗೆ ಕಡಲಿನ ಏಡಿ ಅಷ್ಟೇ. ‘ದೊಡ್ಡ ಸಿಗಡಿ’ಯೂ ತಪ್ಪು. ಮಲ್ಪೆ, ಕಾರವಾರದ ಕಡೆಯವರು ಬಂದರಿನಲ್ಲಿ ಏನಂತ ಕೂಗ್ತೀರಿ? ಸೋಮವಾರ ಹಾಳೆ ಒಪ್ಪಿಸಬೇಕಂತೆ, ಅಷ್ಟರೊಳಗೆ ತಿಳಿಸಿದರೆ ‘ನೇಮಕಾತಿ’ಯನ್ನಾದರೂ ತೆಗೆಸ್ತೀನಿ.