ಗಾಡಿ ಬಿಸಿಯಾದ ಮೇಲೆ ಎಸಿ ಕಾಂಪ್ರೆಸರ್ ಕ್ಲಚ್ ಹಿಡಿಯುತ್ತಿಲ್ಲ: ಗ್ಯಾಸ್ ಕಮ್ಮಿಯೋ, ಕಾಂಪ್ರೆಸರ್ ಹೋಗಿದೆಯೋ?

ಪ್ರಶ್ನೆ

2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಓಡಿದೆ. ನಾಬ್ ತಿರುಗಿಸುವ ಮಾಮೂಲಿ ಎಸಿ. ಬೆಳಿಗ್ಗೆ ಯಲಹಂಕದಿಂದ ಹೊರಟಾಗ ಗಾಳಿ ಚೆನ್ನಾಗಿ ತಣ್ಣಗಿರುತ್ತದೆ. ಹೆಬ್ಬಾಳದ ಹತ್ತಿರ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ನಿಂತರೆ ಬಿಸಿ ಗಾಳಿ ಶುರು. ಬಾನೆಟ್ ಎತ್ತಿ ನೋಡಿದರೆ ಪುಲ್ಲಿ ತಿರುಗುತ್ತಿದೆ, ಅದರ ಮುಂದಿನ ಪ್ಲೇಟ್ ನಿಂತಿದೆ. ಒಂದು ಗಂಟೆ ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಸರಿ. ಫ್ಯೂಸ್ ಚೆನ್ನಾಗಿದೆ. ಒಂದು ಅಂಗಡಿಯಲ್ಲಿ ಗ್ಯಾಸ್ ಕಮ್ಮಿ ಅಂದರು, ಇನ್ನೊಂದು ಕಡೆ ಕಾಂಪ್ರೆಸರ್ ಬದಲಿಸಿ ಅಂದರು. ಇಬ್ಬರೂ ಗೇಜ್ ಹಾಕಿ ನೋಡಲಿಲ್ಲ. ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಸರ್, ಈಗಲೇ ಗ್ಯಾಸೂ ಹಾಕಿಸಬೇಡಿ, ಕಾಂಪ್ರೆಸರನ್ನೂ ಬಿಚ್ಚಿಸಬೇಡಿ. ಪ್ಲೇಟ್ ನಿಂತಿರುವ ಆ ಹೊತ್ತಿನಲ್ಲೇ ಕ್ಲಚ್ ಕಾಯಿಲ್‌ಗೆ (ಪ್ಲೇಟನ್ನು ಪುಲ್ಲಿಗೆ ಎಳೆದು ಹಿಡಿಯುವ ಅಯಸ್ಕಾಂತದ ಸುರುಳಿ) ಕರೆಂಟ್ ಬರುತ್ತಿದೆಯೋ ಇಲ್ಲವೋ ಅನ್ನುವುದು ಮೊದಲು ಗೊತ್ತಾಗಬೇಕು. ಬರುತ್ತಿದ್ದರೆ ತೊಂದರೆ ಕಾಂಪ್ರೆಸರ್ ಮೂತಿಯಲ್ಲೇ ಇದೆ. ಬರದಿದ್ದರೆ ರಿಲೇ (ಕರೆಂಟ್ ಹಾಯಿಸುವ ಸ್ವಿಚ್), ಪ್ರೆಷರ್ ಸೆನ್ಸರ್, ವೈರಿಂಗ್ ಕಡೆ ಹುಡುಕಬೇಕು. ಗಾಡಿ ತಣ್ಣಗಿರುವಾಗ ಅಳೆದು ಪ್ರಯೋಜನವಿಲ್ಲ, ಆಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಕಾಯಿಲ್ ಕನೆಕ್ಟರ್ ಕಿತ್ತು ಮೀಟರ್ ಇಟ್ಟು ನೋಡುವುದು ಎಲ್ಲರೂ ಮಾಡುವ ತಪ್ಪು. ಲೋಡ್ ಇಲ್ಲದಿದ್ದರೆ ತುಕ್ಕು ಹಿಡಿದ ಟರ್ಮಿನಲ್ ಕೂಡ 12 ವೋಲ್ಟ್ ತೋರಿಸುತ್ತದೆ. ಕನೆಕ್ಟರ್ ಹಾಕಿಯೇ ಇರಲಿ, ಹಿಂಬದಿಯಿಂದ ತೆಳು ಪಿನ್ ತೂರಿಸಿ ಅಳೆಯಿರಿ. ಎಂಜಿನ್ ಓಡುತ್ತಿರುವಾಗ 13ರ ಮೇಲೆ ಬರಬೇಕು. ಕಾಯಿಲ್‌ನ ಅರ್ತ್ ಬದಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.2 ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಪಿನ್ ತೂರಿಸುವ ಕೆಲಸ ಎಂಜಿನ್ ಆಫ್ ಇದ್ದಾಗಲೇ ಮುಗಿಸಿ, ವೈರನ್ನು ಬೆಲ್ಟಿನಿಂದ ದೂರ ಕಟ್ಟಿ.

ಆಮೇಲೆ ಎಂಜಿನ್ ಆಫ್ ಮಾಡಿ, ಕನೆಕ್ಟರ್ ಕಿತ್ತು ಕಾಯಿಲ್ ರೆಸಿಸ್ಟೆನ್ಸ್ ನೋಡಿ. ಸಾಮಾನ್ಯವಾಗಿ 3ರಿಂದ 5 ಓಮ್. ಏನೂ ತೋರಿಸದಿದ್ದರೆ ಕಾಯಿಲ್ ಕಟ್, ಇಲ್ಲವೇ ಕೆಲವು ಕಾಯಿಲ್‌ಗಳ ಒಳಗಿರುವ ಥರ್ಮಲ್ ಫ್ಯೂಸ್ ಹೋಗಿದೆ. 2 ಓಮ್‌ಗಿಂತ ಕೆಳಗಿದ್ದರೆ ಒಳಗೆ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು, ಅದು ಫ್ಯೂಸ್ ಸುಡುತ್ತದೆ.

ಉತ್ತರ 2

ಕರೆಂಟ್ ಬರುತ್ತಿಲ್ಲ ಅಂತಾದರೆ ಏನು ಮಾಡಬೇಕು ಅನ್ನುವುದನ್ನು ಸೇರಿಸುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ.

ಬ್ಲೋವರ್ ಹಾಕಿ ಎಸಿ ಬಟನ್ ಒತ್ತಿದಾಗ ರೇಡಿಯೇಟರ್ ಮುಂದಿನ ಫ್ಯಾನ್ ತಿರುಗುತ್ತದೆಯೇ, ಐಡ್ಲಿಂಗ್ ಸ್ವಲ್ಪ ಏರುತ್ತದೆಯೇ ನೋಡಿ. ಬಹಳಷ್ಟು ಗಾಡಿಗಳಲ್ಲಿ ಇವೆರಡೂ ಆದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಸಿ ಹಾಕಲು ಒಪ್ಪಿದೆ ಎಂದರ್ಥ, ತೊಂದರೆ ರಿಲೇಯಲ್ಲಿ ಅಥವಾ ಅಲ್ಲಿಂದ ಕ್ಲಚ್‌ವರೆಗಿನ ದಾರಿಯಲ್ಲಿದೆ. ಅದೇ ಪಿನ್ ಜೋಡಣೆಯ ಹಾರ್ನ್ ರಿಲೇ ತಂದು ಎಸಿ ರಿಲೇ ಜಾಗದಲ್ಲಿ ಕೂರಿಸಿದರೆ ರಿಲೇ ಸಂಶಯ ಒಂದು ನಿಮಿಷದಲ್ಲಿ ತೀರುತ್ತದೆ.

ಇಸಿಯು ಒಪ್ಪಿಲ್ಲದಿದ್ದರೆ ಅದಕ್ಕೂ ಕಾರಣ ಇರುತ್ತದೆ. ಗ್ಯಾಸ್ ಒತ್ತಡ ಸುಮಾರು 2 ಬಾರ್‌ಗಿಂತ ಇಳಿದರೆ ಅಥವಾ 30 ಬಾರ್ ಹತ್ತಿರ ಹೋದರೆ ಕಾಂಪ್ರೆಸರ್ ಉಳಿಸಲೆಂದೇ ಅದು ಕಡಿತ ಮಾಡುತ್ತದೆ. ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಭಾಗ) ಫ್ಯಾನ್ ನಿಂತಿದ್ದರೆ ಟ್ರಾಫಿಕ್‌ನಲ್ಲಿ ಒತ್ತಡ ಏರಿ ಹೀಗಾಗುತ್ತದೆ, ರಸ್ತೆ ಖಾಲಿಯಾಗಿ ಗಾಡಿ ಓಡತೊಡಗಿದರೆ ತಾನೇ ಸರಿಹೋಗುತ್ತದೆ. ಕ್ಯಾಬಿನ್ ಗಾಳಿ ತಣ್ಣಗಾಗಿಸುವ ಕೂಲಿಂಗ್ ಕಾಯಿಲ್ ಮೇಲಿನ ಥರ್ಮಿಸ್ಟರ್ (ತಾಪ ಅಳೆಯುವ ಸೆನ್ಸರ್) ವೈರ್ ಕಟ್ ಆಗಿದ್ದರೆ ಕೂಲಿಂಗ್ ಕಾಯಿಲ್ ಹಿಮಗಟ್ಟಿದೆ ಎಂದು ಇಸಿಯು ಭಾವಿಸುತ್ತದೆ, ಏಕೆಂದರೆ ತಣ್ಣಗಾದಷ್ಟೂ ಥರ್ಮಿಸ್ಟರ್ ರೆಸಿಸ್ಟೆನ್ಸ್ ಏರುತ್ತದೆ. ಎರಡು ವೈರಿನ ಪ್ರೆಷರ್ ಸ್ವಿಚ್ಚನ್ನು ಕೆಲವು ಸೆಕೆಂಡ್ ಜಂಪ್ ಮಾಡಿ (ಎರಡೂ ವೈರನ್ನು ನೇರ ಜೋಡಿಸಿ) ನೋಡಬಹುದು. ಮೂರು ವೈರಿನದು ಸೆನ್ಸರ್, ಅದಕ್ಕೆ 5 ವೋಲ್ಟ್ ಸಪ್ಲೈ ಇರುತ್ತದೆ, ಅದನ್ನು ಮಾತ್ರ ಯಾವ ಕಾರಣಕ್ಕೂ ಜಂಪ್ ಮಾಡಬೇಡಿ.

ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವೈರ್ ಇದೆಯೇ ಎಂದು ಮೊದಲು ಕಣ್ಣಲ್ಲೇ ನೋಡಿಬಿಡಿ. ಇನ್ನೊಂದು ಮಾತು: ಕ್ಲಚ್ಚೇ ಇಲ್ಲದ ವೇರಿಯಬಲ್ ಕಾಂಪ್ರೆಸರ್‌ಗಳೂ ಬರುತ್ತವೆ. ಅವುಗಳಲ್ಲಿ ಟಕ್ ಎಂಬ ಸದ್ದಿಗೆ ಕಾಯುವುದು ವ್ಯರ್ಥ. ನಿಮ್ಮದರಲ್ಲಿ ಪ್ಲೇಟ್ ಬೇರೆ ನಿಂತಿರುವುದರಿಂದ ಕ್ಲಚ್ ಇದೆ.

ಪ್ರಶ್ನೆ ಕೇಳಿದವರು

ಬಿಸಿಯಾಗಿ ಪ್ಲೇಟ್ ನಿಂತಾಗ ಕನೆಕ್ಟರ್ ಹಿಂದೆ 13.7 ವೋಲ್ಟ್. ಅರ್ತ್ ಕಡೆ 0.06. ಕಾಯಿಲ್ ಬೆಳಿಗ್ಗೆ ತಣ್ಣಗಿದ್ದಾಗ 3.6 ಓಮ್, ಬಿಸಿಯಲ್ಲಿ 4.6. ಫ್ಯಾನ್ ತಿರುಗುತ್ತಿದೆ. ಗೇಜ್ ಇರುವ ಅಂಗಡಿಯಲ್ಲಿ ಎಂಜಿನ್ ಆಫ್ ಮಾಡಿ ನೋಡಿಸಿದೆ, ಎರಡೂ ಕಡೆ 88 ಪಿಎಸ್‌ಐ. ಅಲ್ಲಿಯೂ ಸ್ವಲ್ಪ ಗ್ಯಾಸ್ ಟಾಪ್‌ಅಪ್ ಮಾಡಿಸಿ ಅಂದರು. ಕಾಯಿಲ್ ಕೆಟ್ಟಿದೆಯೇ?

ಉತ್ತರ 1

ಕಾಯಿಲ್ ಕೆಟ್ಟಿಲ್ಲ. ತಾಮ್ರದ ತಂತಿ 75 ಡಿಗ್ರಿಯಷ್ಟು ಬಿಸಿ ಏರಿದರೆ ರೆಸಿಸ್ಟೆನ್ಸ್ ಹತ್ತಿರ ಹತ್ತಿರ ಶೇ. 30 ಹೆಚ್ಚುತ್ತದೆ, ನಿಮ್ಮ 3.6 ಓಮ್ 4.6 ಆಗಿರುವುದು ಅದೇ ಲೆಕ್ಕ. ಆದರೆ ಕರೆಂಟ್ 3.8 ಆಂಪ್‌ನಿಂದ 3ಕ್ಕೆ ಇಳಿಯಿತು. ಕಾಯಿಲ್‌ನ ಸೆಳೆತ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಹೆಚ್ಚುಕಡಿಮೆ ಶೇ. 40 ಬಲ ಹೋಯಿತು. ಪ್ಲೇಟ್ ಮತ್ತು ಪುಲ್ಲಿ ನಡುವಿನ ಗ್ಯಾಪ್ ಸರಿಯಿದ್ದರೆ ಉಳಿದ ಬಲವೇ ಸಾಕು. ವರ್ಷಗಟ್ಟಲೆ ಉಜ್ಜಿ ಮೇಲ್ಮೈ ಸವೆದು ಗ್ಯಾಪ್ ಹೆಚ್ಚಿದಾಗ ಸಾಲುವುದಿಲ್ಲ. ತಣ್ಣಗಿದ್ದಾಗ ಹಿಡಿದು ಬಿಸಿಯಾದಾಗ ಬಿಡುವ ನಿಮ್ಮ ತೊಂದರೆ ಅಲ್ಲಿಯೇ ಇದೆ ಅನ್ನಿಸುತ್ತದೆ.

ಖಾತ್ರಿ ಮಾಡಿಕೊಳ್ಳಲು: ಬಿಸಿ ಇರುವಾಗ ಎಂಜಿನ್ ಆಫ್ ಮಾಡಿ ಇಗ್ನಿಷನ್ ಮಾತ್ರ ಆನ್ ಮಾಡಿ. ಎಸಿ ರಿಲೇ ತೆಗೆದು ಸಾಕೆಟ್‌ನ 30 ಮತ್ತು 87 ನಂಬರಿನ ಪಿನ್ ಜಾಗಗಳ ನಡುವೆ 10 ಆಂಪ್ ಫ್ಯೂಸ್ ಇರುವ ವೈರ್ ಜೋಡಿಸಿ. ಪ್ಲೇಟ್ ಎಳೆದುಕೊಳ್ಳದಿದ್ದರೆ ಮರದ ಕೋಲಿನಿಂದ ಅದನ್ನು ಒಳಕ್ಕೆ ಒತ್ತಿ. ಟಕ್ ಎಂದು ಹಿಡಿದು, ಕೋಲು ತೆಗೆದ ಮೇಲೂ ಹಿಡಿದೇ ಇದ್ದರೆ ಗ್ಯಾಪ್ ಬಿಟ್ಟು ಬೇರೆ ಕಾರಣ ಹುಡುಕಬೇಕಾಗಿಲ್ಲ. ಹತ್ತು ಸೆಕೆಂಡ್‌ಗಿಂತ ಹೆಚ್ಚು ಜೋಡಿಸಿಡಬೇಡಿ.

ಜಂಪ್ ವೈರ್ ತೆಗೆದು, ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಸುತ್ತ ಮೂರು ಜಾಗದಲ್ಲಿ ಗ್ಯಾಪ್ ಅಳೆಯಿರಿ. ಬಹಳ ಕಾಂಪ್ರೆಸರ್‌ಗಳಿಗೆ 0.3ರಿಂದ 0.6 ಮಿ.ಮೀ. ಇರಬೇಕು. ಮೂರು ಕಡೆಯೂ ಬೇರೆ ಬೇರೆ ಬಂದರೆ ಪ್ಲೇಟ್ ಸೊಟ್ಟಗಾಗಿದೆ.

ಉತ್ತರ 3

ಆ 88 ಪಿಎಸ್‌ಐ ಬಗ್ಗೆ ಒಂದು ಮಾತು. ಆರ್134ಎ ಗ್ಯಾಸ್‌ಗೆ 27 ಡಿಗ್ರಿ ಹವೆಯಲ್ಲಿ ನಿಂತ ಒತ್ತಡ 90ರ ಆಸುಪಾಸು ಇರಬೇಕು, ನಿಮ್ಮದು ಸರಿಯಾಗಿದೆ. ಇದರಿಂದ ಗ್ಯಾಸ್ ಪೂರ್ತಿ ಇದೆ ಎಂದು ಹೇಳಲಾಗದು. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಒತ್ತಡ ಅಷ್ಟೇ ತೋರಿಸುತ್ತದೆ. ಆದರೆ ಕ್ಲಚ್ ಹಿಡಿಯದಿರುವುದಕ್ಕೆ ಗ್ಯಾಸ್ ಕಾರಣವಲ್ಲ ಎಂಬುದಂತೂ ಖಚಿತ. ಗ್ಯಾಸ್ ಕಮ್ಮಿಯಾದಾಗ ಕ್ಲಚ್ ನಾಲ್ಕಾರು ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿರುತ್ತದೆ, ಬೆಳಿಗ್ಗೆ ಸರಿ ಮಧ್ಯಾಹ್ನ ಇಲ್ಲ ಅನ್ನುವ ಹಾಗೆ ಆಗುವುದಿಲ್ಲ.

ಟಾಪ್‌ಅಪ್ ದಯವಿಟ್ಟು ಬೇಡ. ಒಳಗೆ ಎಷ್ಟಿದೆ ಎಂದು ಗೊತ್ತಿಲ್ಲದೆ ಹಾಕಿದರೆ ಹೆಚ್ಚಾಗಿ ಹೈ ಸೈಡ್ (ಕಾಂಪ್ರೆಸರ್‌ನಿಂದ ಹೊರಬರುವ ಬದಿ) ಒತ್ತಡ ಏರುತ್ತದೆ. ಮುಂದೆ ಯಾವತ್ತಾದರೂ ಬೇಕಾದರೆ ಹಳೆಯದನ್ನು ಮೆಷಿನ್‌ಗೆ ಎಳೆಸಿ, 30ರಿಂದ 45 ನಿಮಿಷ ವ್ಯಾಕ್ಯೂಮ್ ಮಾಡಿಸಿ, ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿರುವ ಗ್ರಾಂ ಲೆಕ್ಕಕ್ಕೇ ತೂಗಿ ಹಾಕಿಸಿ. ವ್ಯಾಕ್ಯೂಮ್ ಗೇಜ್ 30 ಇಂಚು ತೋರಿಸುತ್ತಿಲ್ಲ ಎಂದು ಲೀಕ್ ಹುಡುಕುತ್ತಾ ಕೂರಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಪೂರ್ತಿ ವ್ಯಾಕ್ಯೂಮ್ ಆದರೂ 27 ಇಂಚಿನ ಆಸುಪಾಸಿಗೇ ನಿಲ್ಲುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಕದಲದೆ ನಿಲ್ಲುವುದು ಮುಖ್ಯ.

ಪ್ರಶ್ನೆ ಕೇಳಿದವರು

ಕೋಲಿನಿಂದ ಒತ್ತಿದ ತಕ್ಷಣ ಹಿಡಿಯಿತು, ಬಿಡಲಿಲ್ಲ. ಗ್ಯಾಪ್ ಮೂರು ಕಡೆಯೂ 0.85 ಮಿ.ಮೀ. ಗ್ಯಾಸ್ ಬಿಡದೆ ಸರಿಮಾಡಬಹುದೇ?

ಉತ್ತರ 1

ಖಂಡಿತ. ಶಾಫ್ಟ್ ಸೀಲ್ ಮುಟ್ಟುವುದೇ ಇಲ್ಲ, ಆದ್ದರಿಂದ ಗ್ಯಾಸ್ ಹೋಗುವುದಿಲ್ಲ. ಬ್ಯಾಟರಿ ನೆಗೆಟಿವ್ ತೆಗೆಯಿರಿ. ಪ್ಲೇಟ್ ತಿರುಗದ ಹಾಗೆ ಹಿಡಿದು ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟನ್ನು ನೇರವಾಗಿ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಒಂದೇ ಕಡೆ ಎತ್ತಿದರೆ ಸೊಟ್ಟಗಾಗುತ್ತದೆ. ಶಾಫ್ಟ್ ಮೇಲೆ ಅಥವಾ ಪ್ಲೇಟಿನ ನಡುವಿನ ಕುಳಿಯಲ್ಲಿ ಶಿಮ್ ಎನ್ನುವ ತೆಳು ವಾಶರ್‌ಗಳು ಇರುತ್ತವೆ, ಕೆಳಗೆ ಬಿದ್ದು ಕಳೆದುಹೋಗದ ಹಾಗೆ ಬಟ್ಟೆ ಹಾಸಿಕೊಳ್ಳಿ. ಅವುಗಳನ್ನು ಒರೆಸಿ ದಪ್ಪ ಅಳೆಯಿರಿ.

0.5 ಮಿ.ಮೀ. ದಪ್ಪದ ಶಿಮ್ ತೆಗೆದರೆ ಗ್ಯಾಪ್ 0.35 ಆಗುತ್ತದೆ. ಅಂಚಿನಲ್ಲಿದೆ, ಆದರೂ ನಡೆಯುತ್ತದೆ. 0.3ರದನ್ನು ತೆಗೆದರೆ 0.55, ಬೇಗ ಮತ್ತೆ ಸವೆದು ಇದೇ ಕಥೆ. 0.5 ತೆಗೆದು 0.1 ಹಾಕಿದರೆ 0.45, ನನ್ನ ಆಯ್ಕೆ ಇದು. ಜೆ.ಸಿ. ರಸ್ತೆಯ ಎಸಿ ಸ್ಪೇರ್ ಅಂಗಡಿಗಳಲ್ಲಿ ಹಳೆಯ ಶಿಮ್ ತೋರಿಸಿ ಕೇಳಿ. ತೆಗೆಯಲು ಶಿಮ್ಮೇ ಉಳಿದಿಲ್ಲದಿದ್ದರೆ ಕ್ಲಚ್ ಸೆಟ್ ಸಾಕು, ಇಡೀ ಕಾಂಪ್ರೆಸರ್ ಬೇಕಿಲ್ಲ.

ಪ್ಲೇಟ್ ಹೊರಗಿರುವಾಗಲೇ ಪುಲ್ಲಿಯನ್ನು ಕೈಯಲ್ಲಿ ಅಲ್ಲಾಡಿಸಿ. ಆಟ ಇದ್ದರೆ ಅಥವಾ ಎಸಿ ಆಫ್ ಇದ್ದಾಗಲೂ ಗರಗರ ಸದ್ದು ಬರುತ್ತಿದ್ದರೆ ಬೇರಿಂಗ್ ಕೂಡ ಈಗಲೇ ಹಾಕಿಸಿ, ಅದರ ಬಿಸಿಯೇ ಕಾಯಿಲನ್ನು ಸುಡುತ್ತದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಮೂರು ಕಡೆ ಮತ್ತೆ ಅಳೆಯಿರಿ, ಪ್ಲೇಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲಿಯೂ ಪುಲ್ಲಿಗೆ ಉಜ್ಜುತ್ತಿಲ್ಲ ಎಂದು ನೋಡಿಕೊಂಡು ಬ್ಯಾಟರಿ ಜೋಡಿಸಿ.